ಮದ್ದಿಗೊಂದು ಮೊಹರು

ಔಷಧವೆಂದರೇನು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಒಂದು ಉತ್ತರವನ್ನೂ ಸರ್ಕಾರದ ಕಚೇರಿಯು ಮತ್ತೊಂದು ಉತ್ತರವನ್ನೂ ಕೊಡುತ್ತವೆ. ಶಾಸ್ತ್ರದ ಮಾತಿನಲ್ಲಿ ರೋಗವನ್ನು ಹೋಗಲಾಡಿಸತಕ್ಕ ದ್ರವ್ಯವೇ ಔಷಧ. ಕಚೇರಿಯ ಮಾತಿನಲ್ಲಿ ಅಪ್ಪಣೆ ದೊರೆತ ದ್ರವ್ಯವೇ ಔಷಧ. ಈ ಎರಡು ಲಕ್ಷಣಗಳೂ ಒಂದೇ ಸೀಸೆಯಲ್ಲಿ ಕೂಡಿಬಂದರೆ ಅದು ರೋಗಿಯ ಪುಣ್ಯ. ಕೂಡಿಬಾರದೆ ಹೋದರೆ ಕಚೇರಿಯನ್ನು ದೂರತಕ್ಕದ್ದಲ್ಲ; ಅದು ತನ್ನ ಪಾಲಿನ ಕೆಲಸವನ್ನು, ಅಂದರೆ ಕಾಗದದ ಮೇಲೆ ಮೊಹರು ಒತ್ತುವ ಕೆಲಸವನ್ನು, ಯಥಾವತ್ತಾಗಿ ನೆರವೇರಿಸಿಯೇ ಇರುತ್ತದೆ. ಇದು ಬರಿಯ ಪರಿಹಾಸ್ಯವಲ್ಲವೆಂಬುದಕ್ಕೆ ಬೇಕಾದಷ್ಟು ದಾಖಲೆಯು ಸರ್ಕಾರದ ಸ್ವಂತ ಕಪಾಟುಗಳಲ್ಲಿಯೇ ಇರುವುದರಿಂದ ಅದನ್ನು ವಾಚಕರ ಮುಂದೆ ಸ್ವಲ್ಪ ಬಿಚ್ಚಿಡಬಯಸುತ್ತೇವೆ. ನಮ್ಮ ವಾಚಕರಲ್ಲಿ ಅನೇಕರು ಅಧಿಕಾರಿಗಳು. ಮೊಹರಿನ ಮರ್ಮವು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈ ಕಥೆ ಇಂದು ನಿನ್ನೆಯದಲ್ಲ. ಪರಕೀಯರ ಆಳಿಕೆಯಲ್ಲಿ ಕಳಪೆ ಮದ್ದು, ಬೆರಕೆ ಮದ್ದು, ಹೆಸರಿಗೆ ಮಾತ್ರ ಮದ್ದು, ಇವೆಲ್ಲವೂ ನಮ್ಮ ಪೇಟೆಗಳಲ್ಲಿ ನಿರಾತಂಕವಾಗಿ ಬಿಕರಿಯಾಗುತ್ತಿದ್ದವು. ಕೂಗು ಹೆಚ್ಚಿದ ಮೇಲೆ 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಒಂದು ಶಾಸನವೂ ಮದ್ದನ್ನು ಒರೆಗೆ ಹಚ್ಚಿ ನೋಡುವ ಕೇಂದ್ರ ಪರೀಕ್ಷಾಲಯವೂ ಬೇಕೆಂದು ಆ ಸಮಿತಿ 1931ರಲ್ಲಿ ಹೇಳಿತು. ವರದಿಯು ಒಂಬತ್ತು ವರ್ಷ ಕಪಾಟಿನಲ್ಲಿ ಮಲಗಿದ್ದು 1940ರಲ್ಲಿ ಶಾಸನವಾಗಿ ಎಚ್ಚೆತ್ತಿತು. ಶಾಸನಕ್ಕೆ ನಿಯಮಗಳು ಹುಟ್ಟುವ ವೇಳೆಗೆ 1945 ಬಂದಿತ್ತು. ತಯಾರಿಕೆಯ ಲೈಸೆನ್ಸು ಕೊಡುವ ಅಧಿಕಾರ ಮಾತ್ರ ಪ್ರಾಂತಗಳ ಕೈಯಲ್ಲಿಯೇ ಉಳಿಯಿತು. ಇದನ್ನೆಲ್ಲ ಆಗಿನವರು ಪರಕೀಯ ಸರ್ಕಾರದ ಔದಾಸೀನ್ಯವೆಂದು ಕರೆದರು, ಸರಿಯಾಗಿಯೇ ಕರೆದರು. 1947ರಿಂದೀಚೆಗೆ ಹಾಗೆ ಕರೆಯುವ ಸೌಕರ್ಯ ನಮಗೆ ತಪ್ಪಿಹೋಗಿದೆ. ಅದೇ 1940ರ ಶಾಸನವು ಮೈತುಂಬ ತೇಪೆ ಹಾಕಿಸಿಕೊಂಡು ಸ್ವರಾಜ್ಯದಲ್ಲಿಯೂ ಮುಂದುವರಿಯಿತು. ತೇಪೆ ಹಾಕಿದವರು ನಮ್ಮವರೇ.

ಏರ್ಪಾಡಿನ ಸ್ವರೂಪವು ಹೀಗಿದೆ. ದೇಶಕ್ಕೆ ಹೊಸದಾಗಿ ಬರುವ ಮದ್ದಿಗೆ ದೆಹಲಿಯಲ್ಲಿರುವ ಔಷಧ ಮಹಾನಿಯಂತ್ರಕರ ಅಪ್ಪಣೆ ಬೇಕು. ಮದ್ದನ್ನು ತಯಾರಿಸಲು ಆಯಾ ರಾಜ್ಯದ ಲೈಸೆನ್ಸು ಬೇಕು. ರಾಜ್ಯಗಳೂ ಕೇಂದ್ರಾಡಳಿತ ಪ್ರದೇಶಗಳೂ ಸೇರಿ ಇಂತಹ ಬಾಗಿಲುಗಳು 36. ಯಾವ ಬಾಗಿಲಿನಿಂದ ಹೊರಬಿದ್ದ ಸೀಸೆಯಾದರೂ ದೇಶದ ಯಾವ ಮೂಲೆಯ ಅಂಗಡಿಗಾದರೂ ಹೋಗಿ ಕುಳಿತುಕೊಳ್ಳಬಹುದು. ಹೊಸ ಮದ್ದಿನ ಹೊಸತನವಾದರೂ ನಾಲ್ಕೇ ವರ್ಷದ್ದು. ಮೊದಲ ಅಪ್ಪಣೆಯಿಂದ ನಾಲ್ಕು ವರ್ಷ ಕಳೆದೊಡನೆ ಕಾನೂನಿನ ದೃಷ್ಟಿಯಲ್ಲಿ ಅದು ಹಳೆಯ ಮದ್ದಾಗುವುದರಿಂದ ಬೇರೊಬ್ಬ ತಯಾರಕನು ಅದನ್ನು ಮಾಡಬೇಕಾದರೆ ದೆಹಲಿಯನ್ನು ಕೇಳಬೇಕಾಗಿಲ್ಲ, ರಾಜ್ಯದ ಕಚೇರಿಯನ್ನು ಕೇಳಿದರೆ ಸಾಕು. ಅವನ ಮಾತ್ರೆಯು ಮೂಲದ ಮಾತ್ರೆಯಂತೆಯೇ ರಕ್ತಕ್ಕೆ ಸೇರುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ತೋರಿಸಬೇಕೆಂಬ ಕಟ್ಟುಪಾಡು ಇಂತಹವರಿಗೆ ಬಹುಮಟ್ಟಿಗೆ ಬಂದದ್ದು 2017ರಲ್ಲಿ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ ಎಂಬ ಗಾದೆಗೆ ಸರ್ಕಾರಿ ಭಾಷ್ಯ ಬೇಕೆಂದವರು ಈ ನಿಯಮವನ್ನು ಓದಿಕೊಳ್ಳಬಹುದು.

2019ರ ನಿಯಮಗಳಲ್ಲಿ ಇನ್ನೊಂದು ಸೊಗಸನ್ನು ಕಾಣುತ್ತೇವೆ. ನಮ್ಮ ದೇಶದಲ್ಲಿಯೇ ಕಂಡುಹಿಡಿದ ಮದ್ದನ್ನು ಮನುಷ್ಯರ ಮೇಲೆ ಪ್ರಯೋಗಿಸಲು ಯಾರಾದರೂ ಅರ್ಜಿ ಹಾಕಿಕೊಂಡು, ಕೆಲಸದ 30 ದಿನಗಳೊಳಗೆ ಕಚೇರಿಯಿಂದ ಯಾವ ಮಾತೂ ಬಾರದಿದ್ದರೆ, ಅಪ್ಪಣೆ ಕೊಟ್ಟಂತೆಯೇ ಭಾವಿಸತಕ್ಕದ್ದು. ಮೌನಂ ಸಮ್ಮತಿಲಕ್ಷಣಂ ಎಂಬುದನ್ನು ಇದುವರೆಗೆ ಹೆಣ್ಣು ನೋಡಲು ಹೋದ ಹಿರಿಯರು ಮಾತ್ರ ಬಳಸುತ್ತಿದ್ದರು. ಈಗ ಅದು ಭಾರತ ಸರ್ಕಾರದ ಗೆಜೆಟ್ಟನ್ನು ಸೇರಿದೆ. ಗುಮಾಸ್ತೆಯು ಜ್ವರ ಬಂದು ಒಂದು ತಿಂಗಳು ರಜೆಯ ಮೇಲೆ ಹೋದರೆ ಆ ಜ್ವರದಿಂದಲೇ ಒಂದು ಮದ್ದಿನ ಪ್ರಯೋಗಕ್ಕೆ ಅನುಮತಿ ಹುಟ್ಟೀತು!

ಕಡತದ ಮೇಲೆ ಕುಳಿತುಕೊಳ್ಳುವುದು ಯಾವಾಗಲೂ ದೋಷವಲ್ಲವೆಂದು ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದ ಔಷಧಾಡಳಿತದಲ್ಲಿ 1960ರಲ್ಲಿ ಕೆಲಸಕ್ಕೆ ಸೇರಿದ ಫ್ರಾನ್ಸೆಸ್ ಕೆಲ್ಸಿ ಎಂಬ ವೈದ್ಯೆಯ ಮುಂದೆ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆಯ ಕಡತ ಬಂತು. ಯೂರೋಪಿನಲ್ಲಿ ಆಗಲೇ ಪ್ರಖ್ಯಾತವಾಗಿದ್ದ ಆ ಮಾತ್ರೆಗೆ ಬೇಗ ಅಪ್ಪಣೆ ಕೊಡಬೇಕೆಂದು ಕಂಪೆನಿಯವರು ಮೇಲಿಂದ ಮೇಲೆ ಒತ್ತಾಯಪಡಿಸಿದರು. ಆಕೆ ಪ್ರತಿ ಸಲವೂ ಇನ್ನಷ್ಟು ಪುರಾವೆ ಕೇಳಿದಳು. ಅಷ್ಟರಲ್ಲಿ ಆ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಶಿಶುಗಳು ಹುಟ್ಟುತ್ತಿವೆಯೆಂಬ ಭಯಂಕರ ವಾರ್ತೆ ಯೂರೋಪಿನಿಂದ ಬಂತು. 1962ರಲ್ಲಿ ಅಧ್ಯಕ್ಷ ಕೆನೆಡಿಯವರು ಆಕೆಗೆ ಪದಕ ಕೊಟ್ಟರು. ಕಡತದ ಮೇಲೆ ಕುಳಿತುಕೊಳ್ಳುವ ವಿದ್ಯೆಯು ನಮ್ಮ ಕಚೇರಿಗಳಿಗೂ ಚೆನ್ನಾಗಿ ಬರುತ್ತದೆ. ಆಕೆ ಕಡತವನ್ನು ಓದುತ್ತ ಕುಳಿತಿದ್ದಳು ಎಂಬುದಷ್ಟೇ ವ್ಯತ್ಯಾಸ.

ನಮ್ಮಲ್ಲಿ ಕಡತಗಳನ್ನು ಯಾರು ಓದುತ್ತಾರೆ, ಯಾರು ಬರೆಯುತ್ತಾರೆ ಎಂಬುದನ್ನು ಪಾರ್ಲಿಮೆಂಟಿನ ಆರೋಗ್ಯ ಸ್ಥಾಯಿಸಮಿತಿಯು 2012ರ ಮೇ ತಿಂಗಳಲ್ಲಿ ತನ್ನ 59ನೆಯ ವರದಿಯಲ್ಲಿ ಬಯಲಿಗಿಟ್ಟಿತು. ಸರ್ಕಾರದ ಕಾಗದವೊಂದು ಇಷ್ಟು ರಂಜಕವಾಗಿರುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ. ಮೊದಲನೆಯದಾಗಿ ಸಮಿತಿಯು ದೆಹಲಿಯ ನಿಯಂತ್ರಣ ಸಂಸ್ಥೆಯ ಧ್ಯೇಯವಾಕ್ಯವನ್ನು ನೋಡಿತು. ಬೇರೆ ದೇಶಗಳ ಇಂತಹ ಸಂಸ್ಥೆಗಳು ಪ್ರಜೆಗಳ ಆರೋಗ್ಯವನ್ನು ಕಾಯುವುದೇ ತಮ್ಮ ಧ್ಯೇಯವೆಂದು ಬರೆದುಕೊಂಡಿದ್ದರೆ, ನಮ್ಮ ಸಂಸ್ಥೆಯು ಔಷಧೋದ್ಯಮದ ಆಕಾಂಕ್ಷೆಗಳನ್ನೂ ಬೇಡಿಕೆಗಳನ್ನೂ ಅಗತ್ಯಗಳನ್ನೂ ಪೂರೈಸುವುದು ತನ್ನ ಧ್ಯೇಯವೆಂದು ಬರೆದುಕೊಂಡಿತ್ತು. ಈ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಕಾವಲುಗಾರನು ತಾನು ಯಾರ ಉಪ್ಪು ತಿನ್ನುತ್ತೇನೆಂಬುದನ್ನು ಬಾಗಿಲ ಮೇಲೆಯೇ ಬರೆದು ತೂಗುಹಾಕಿದ್ದರೆ ಮನೆಯವರಿಗೆ ಭ್ರಮೆಗೆ ಆಸ್ಪದವಿರುವುದಿಲ್ಲ.

ಎರಡನೆಯದಾಗಿ ಸಮಿತಿಯು ತಲೆಗಳನ್ನು ಎಣಿಸಿತು. ವರ್ಷಕ್ಕೆ ಸುಮಾರು 20,000 ಅರ್ಜಿಗಳು, 200ಕ್ಕೆ ಮೀರಿದ ಸಭೆಗಳು, ಪಾರ್ಲಿಮೆಂಟಿನ 700 ಪ್ರಶ್ನೆಗಳು, 150ರಷ್ಟು ಕೋರ್ಟು ವ್ಯಾಜ್ಯಗಳು. ಇವೆಲ್ಲವನ್ನೂ ಪ್ರಧಾನ ಕಚೇರಿಯಲ್ಲಿ ನಿಭಾಯಿಸುತ್ತಿದ್ದ ಉಪ ಮತ್ತು ಸಹಾಯಕ ನಿಯಂತ್ರಕರು ಒಟ್ಟು ಒಂಬತ್ತು ಮಂದಿ. ನವಗ್ರಹಗಳು ಲೋಕವನ್ನೆಲ್ಲ ಆಳುತ್ತಿಲ್ಲವೆ ಎಂದು ಖಜಾನೆಯವರು ಕೇಳಬಹುದು. ಆದರೆ ನವಗ್ರಹಗಳಿಗೆ ಪಾರ್ಲಿಮೆಂಟಿನ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸವಿಲ್ಲ. ಪರೀಕ್ಷಿಸುವವರನ್ನು ನೇಮಿಸದೆ ಪರೀಕ್ಷೆ ನಡೆದಿದೆಯೆಂದು ಮೊಹರು ಒತ್ತುವ ಏರ್ಪಾಡಿನಲ್ಲಿ ತಪ್ಪು ಆ ಒಂಬತ್ತು ಮಂದಿಯದೇ ಎಂದು ನಾವು ಹೇಳಲಾರೆವು. ಅವರಿಗೆ ಸಂಬಳ ಕೊಡುವ ಮೇಜಿನ ಮುಂದೆ ಅದರ ಲೆಕ್ಕ ಕೇಳಬೇಕು.

ಮೂರನೆಯದು ತಜ್ಞರ ವಿಚಾರ. ಹೊಸ ಮದ್ದಿನ ಗುಣದೋಷಗಳ ಬಗ್ಗೆ ದೊಡ್ಡ ದೊಡ್ಡ ವೈದ್ಯರ ಅಭಿಪ್ರಾಯ ಕೇಳುವುದು ವಾಡಿಕೆ. ಬೇರೆ ಬೇರೆ ಊರುಗಳ, ಬೇರೆ ಬೇರೆ ಆಸ್ಪತ್ರೆಗಳ ಪಂಡಿತರು ಬರೆದ ಪತ್ರಗಳನ್ನು ಸಮಿತಿ ತರಿಸಿ ಅಕ್ಕಪಕ್ಕದಲ್ಲಿಟ್ಟು ನೋಡಿತು. ಏನಾಶ್ಚರ್ಯ! ಕೆಲವು ಪತ್ರಗಳು ಅಕ್ಷರಕ್ಕೆ ಅಕ್ಷರ ಒಂದೇ. ನೂರಾರು ಹರದಾರಿಗಳ ಅಂತರದಲ್ಲಿ ಕುಳಿತ ಪಂಡಿತರ ಚಿತ್ತಗಳು ಇಷ್ಟೊಂದು ಏಕೀಭವಿಸಿದ್ದನ್ನು ಅದ್ವೈತಿಗಳು ಸಿದ್ಧಾಂತಕ್ಕೆ ಸಾಕ್ಷಿಯಾಗಿ ಉದಾಹರಿಸಬಹುದಾಗಿತ್ತು. ಸಮಿತಿಗೆ ಅಷ್ಟು ವೇದಾಂತ ಇರಲಿಲ್ಲ. ಪತ್ರಗಳನ್ನು ಬರೆದದ್ದು ಮದ್ದು ತಯಾರಕರ ಅದೃಶ್ಯ ಹಸ್ತಗಳು, ತಜ್ಞರು ರುಜು ಮಾತ್ರ ಹಾಕಿಕೊಟ್ಟರು ಎಂದು ಅದು ತೀರ್ಮಾನಿಸಿತು. ಪರೀಕ್ಷೆಗೆಂದು ಆರಿಸಿಕೊಂಡ 42 ಮದ್ದುಗಳಲ್ಲಿ ಪೆಫ್ಲಾಕ್ಸಾಸಿನ್, ಲೋಮೆಫ್ಲಾಕ್ಸಾಸಿನ್, ಸ್ಪಾರ್ಫ್ಲಾಕ್ಸಾಸಿನ್ ಎಂಬ ಮೂರರ ಕಡತಗಳನ್ನೇ ಸಚಿವಾಲಯವು ಹಾಜರುಪಡಿಸಲಾರದೆ ಹೋಯಿತು. ರೋಗಾಣುಗಳನ್ನು ಮಾಯಮಾಡತಕ್ಕ ಮದ್ದುಗಳು ತಮ್ಮ ಕಡತಗಳನ್ನೂ ಮಾಯಮಾಡಿದುದರಲ್ಲಿ ಅವುಗಳ ವೀರ್ಯವತ್ತತೆ ಸಿದ್ಧವಾಯಿತೆಂದು ಬೇಕಾದರೆ ಹೇಳಿಕೊಳ್ಳಬಹುದು. 2008ರ ಜನವರಿಯಿಂದ 2010ರ ಅಕ್ಟೋಬರಿನವರೆಗೆ, ನಮ್ಮ ದೇಶದ ರೋಗಿಗಳ ಮೇಲೆ ಪ್ರಯೋಗವೇ ನಡೆಯದೆ, ತಿಂಗಳಿಗೆ ಸುಮಾರು ಒಂದರಂತೆ ಹೊಸ ಮದ್ದುಗಳು ಅಪ್ಪಣೆ ಪಡೆದಿದ್ದವು. ಡೆನ್ಮಾರ್ಕಿನ ಕಂಪೆನಿಯೊಂದರ ಮನೋರೋಗದ ಮಿಶ್ರಮಾತ್ರೆಯು ಡೆನ್ಮಾರ್ಕಿನಲ್ಲಿಯೇ ಮಾರಾಟಕ್ಕೆ ಅನುಮತಿ ಇಲ್ಲದೆ ನಮ್ಮಲ್ಲಿ ಧಾರಾಳವಾಗಿ ಬಿಕರಿಯಾಗುತ್ತಿತ್ತು. ತವರಿನಲ್ಲಿ ಸಲ್ಲದವಳನ್ನು ತುಂಬಿಸಿಕೊಳ್ಳುವ ಔದಾರ್ಯ ನಮ್ಮ ಸಂಸ್ಕೃತಿಯಲ್ಲಿ ಪುರಾತನವಾದುದು.

ಇನ್ನು ಮಿಶ್ರೌಷಧಗಳ ಪುರಾಣ. ಎರಡು, ಮೂರು, ಕೆಲವು ಸಲ ಅದಕ್ಕೂ ಹೆಚ್ಚು ಮದ್ದುಗಳನ್ನು ಒಂದೇ ಗುಳಿಗೆಯಲ್ಲಿಯೋ ಸಿರಪ್ಪಿನಲ್ಲಿಯೋ ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಮಾರುವುದು ಇವುಗಳ ಲಕ್ಷಣ. ಎಲ್ಲವೂ ಕೆಟ್ಟವೆಂದಲ್ಲ, ಕ್ಷಯರೋಗದ ಚಿಕಿತ್ಸೆಯಲ್ಲಿ ಇಂತಹ ಕೂಟಗಳಿಂದ ಮಹದುಪಕಾರವಾಗಿದೆ. ಆದರೆ ನಮ್ಮ ಪೇಟೆಯಲ್ಲಿ ಇವು ಬೆಳೆದ ಕ್ರಮವು ವೈದ್ಯಕ್ಕಿಂತ ಅಡಿಗೆಯ ಮನೆಗೆ ಹತ್ತಿರವಾದುದು. ಬಿಸಿಬೇಳೆ ಹುಳಿಯನ್ನಕ್ಕೆ ಗೋಡಂಬಿ ಹಾಕಿದರೆ ರುಚಿ ಹೆಚ್ಚುವಂತೆ ನೋವಿನ ಮಾತ್ರೆಗೆ ಇನ್ನೊಂದು ನೋವಿನ ಮಾತ್ರೆಯನ್ನೇ ಸೇರಿಸಿದರು. ಒಂದು ಸಾಲದೆಂದು ಎರಡು ಜೀವಾಣುನಾಶಕಗಳನ್ನು ಕೂಡಿಸಿದರು. ಯಾವ ರೋಗಾಣುವೆಂದು ತಿಳಿಯುವ ಶ್ರಮ ವೈದ್ಯನಿಗೂ ತಪ್ಪಿತು, ಎರಡೂ ಮದ್ದುಗಳನ್ನು ಒಟ್ಟಿಗೆ ಗೆಲ್ಲುವ ಅಭ್ಯಾಸವು ರೋಗಾಣುವಿಗೂ ಆಯಿತು. ಒಂದು ಮದ್ದಿನ ಪ್ರಮಾಣವನ್ನು ಇಳಿಸಬೇಕೆಂದರೆ ಇನ್ನೊಂದೂ ಇಳಿಯುತ್ತದೆ. ಈ ಪಾಕಶಾಸ್ತ್ರಕ್ಕೆ ಒಂದು ಅರ್ಥಶಾಸ್ತ್ರವೂ ಇದೆ. ಒಂಟಿ ಮದ್ದಿಗೆ ಸರ್ಕಾರವು ಬೆಲೆಯ ಮಿತಿಯನ್ನು ಕಟ್ಟಿದರೆ ಅದಕ್ಕೆ ಇನ್ನೊಂದು ಚಿಟಿಕೆ ಬೆರೆಸಿ ಹೊಸ ಹೆಸರಿಟ್ಟು ಆ ಮಿತಿಯಿಂದ ಹೊರಗೆ ಬರಬಹುದಾಗಿತ್ತು.

ಇಂತಹ ಮಿಶ್ರಣಗಳನ್ನೂ ಹೊಸ ಮದ್ದೆಂದೇ ಎಣಿಸಿ ದೆಹಲಿಯ ಅಪ್ಪಣೆ ಪಡೆಯಬೇಕೆಂದು 1988ರ ಸೆಪ್ಟೆಂಬರಿನಲ್ಲಿ ನಿಯಮವಾಯಿತು. ನಿಯಮವು ದೆಹಲಿಯಲ್ಲಿ ಆಯಿತು; ಲೈಸೆನ್ಸುಗಳು ರಾಜ್ಯಗಳಲ್ಲಿ ಹೊರಡುತ್ತಲೇ ಇದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಹಳೆಯ ಗಾದೆ. ಇಲ್ಲಿ ದೇವರು ಕಣ್ತೆರೆಯುವ ಮೊದಲೇ ಪೂಜಾರಿಗಳು ಪ್ರಸಾದ ಹಂಚಿ ಮುಗಿಸಿದ್ದರು. 2007ರಲ್ಲಿ ದೇವರಿಗೆ ಎಚ್ಚರವಾಗಿ 294 ಮಿಶ್ರೌಷಧಗಳನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಅಪ್ಪಣೆಯಾಯಿತು. ತಯಾರಕರು ಮದರಾಸಿನ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. 2013ರಲ್ಲಿ, ನಿಮ್ಮ ಮಿಶ್ರಣ ನಿರಪಾಯವೆಂದೂ ಗುಣಕಾರಿಯೆಂದೂ ಹದಿನೆಂಟು ತಿಂಗಳಲ್ಲಿ ರುಜುವಾತುಪಡಿಸಿರೆಂದು ಎಲ್ಲ ತಯಾರಕರಿಗೂ ಹೇಳಿದರು. ವರ್ಷಗಟ್ಟಲೆ ರೋಗಿಗಳು ನುಂಗಿ ಅರಗಿಸಿಕೊಂಡ ಮೇಲೆ, ಅದು ತಿನ್ನತಕ್ಕದ್ದೋ ಅಲ್ಲವೋ ಎಂಬ ಪ್ರಶ್ನೆ ಹೀಗೆ ಎದ್ದಿತು. ಬಂದ ಅರ್ಜಿಗಳು ಸಾವಿರಗಟ್ಟಲೆ. ಸಮಿತಿಯೊಂದು ಕುಳಿತು ಸೋಸಿದ ಮೇಲೆ 2016ರ ಮಾರ್ಚಿಯಲ್ಲಿ 344 ಮಿಶ್ರಣಗಳನ್ನು ನಿಷೇಧಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಹೈಕೋರ್ಟು ನಿಷೇಧವನ್ನು ರದ್ದುಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು, ಮತ್ತೆ ವಿಚಾರಿಸಿರೆಂದು ಕಳುಹಿಸಿತು. 2018ರ ಸೆಪ್ಟೆಂಬರಿನಲ್ಲಿ 328ರ ನಿಷೇಧವಾಯಿತು. ಉಳಿದವುಗಳ ಪೈಕಿ 15 ಮಿಶ್ರಣಗಳಿಗೆ ತಾವು 1988ರ ಸೆಪ್ಟೆಂಬರಿಗೆ ಮುಂಚೆ ಹುಟ್ಟಿದವೆಂಬ ಜಾತಕಬಲ ಒದಗಿ ಆ ಸಲಕ್ಕೆ ಪಾರಾದವು. 2023ರ ಜೂನಿನಲ್ಲಿ 14, 2024ರ ಆಗಸ್ಟಿನಲ್ಲಿ 156, ಹೀಗೆ ಮತ್ತೆ ಮತ್ತೆ ನಿಷೇಧಗಳಾದವು. ನಿಯಮ ಹುಟ್ಟಿ ಮೂವತ್ತಾರು ವರ್ಷ ಕಳೆದ ಮೇಲೆ, 2025ರ ಏಪ್ರಿಲಿನಲ್ಲಿ, ದೆಹಲಿಯ ಅಪ್ಪಣೆಯಿಲ್ಲದ 35 ಮಿಶ್ರಣಗಳಿಗೆ ಲೈಸೆನ್ಸು ಕೊಟ್ಟಿದ್ದೀರಿ, ನಿಲ್ಲಿಸಿರೆಂದು ಮಹಾನಿಯಂತ್ರಕರು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. 1988ರಲ್ಲಿ ಹುಟ್ಟಿದ ಮಗುವಿಗೆ ಆ ವೇಳೆಗೆ ಮದುವೆಯಾಗಿ ಮಕ್ಕಳಾಗಿರಬೇಕು. ಆ ಮಕ್ಕಳಿಗೂ ಕೆಮ್ಮು ಬಂದಿರಬೇಕು.

ಕೆಮ್ಮಿಗೆ ಹೋಗುವ ಮೊದಲು, ಮನಸ್ಸು ಹಗುರವಾಗಲೆಂದು, ಕಣ್ಣಿನ ಹನಿಯ ಪ್ರಸಂಗವೊಂದನ್ನು ಹೇಳುತ್ತೇವೆ. ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಲೋಕರೂಢಿ. ಹತ್ತಿರದ ದೃಷ್ಟಿಯನ್ನು ಕೆಲವು ಗಂಟೆಗಳ ಮಟ್ಟಿಗೆ ಸುಧಾರಿಸತಕ್ಕ ಪೈಲೋಕಾರ್ಪೀನ್ ಹನಿಗೆ 2024ರ ಆಗಸ್ಟಿನಲ್ಲಿ ಅಪ್ಪಣೆ ದೊರೆಯಿತು. ಕೂಡಲೇ ಪತ್ರಿಕೆಗಳಲ್ಲಿ ಭೇರಿ ಮೊಳಗಿತು: ಒಂದು ಹನಿ, ಹದಿನೈದು ನಿಮಿಷ, ಚಾಳೀಸಿಗೆ ತಿಲಾಂಜಲಿ! ನಮ್ಮ ಕಚೇರಿಯಲ್ಲಿಯೂ ಕೆಲವರು ಕನ್ನಡಕದ ಡಬ್ಬಿಯನ್ನು ಮೇಜಿನ ಒಳಗೆ ಇಟ್ಟರು. ಸೆಪ್ಟೆಂಬರ್ 10ರಂದು, ಕಂಪೆನಿಯವರು ಅಪ್ಪಣೆಯಲ್ಲಿ ಇಲ್ಲದ ಮಾತುಗಳನ್ನು ಸಾರಿದರೆಂದು ಮಹಾನಿಯಂತ್ರಕರು ಅಪ್ಪಣೆಯನ್ನು ಅಮಾನತ್ತಿನಲ್ಲಿಟ್ಟರು. ತಾವು ಕೊಟ್ಟ ಅಪ್ಪಣೆಯಲ್ಲಿ ಏನು ಬರೆದಿತ್ತೆಂಬುದು ಇಲಾಖೆಗೆ ಕಂಡದ್ದು ಪತ್ರಿಕೆಯ ಜಾಹೀರನ್ನು ಓದಿದ ಮೇಲೆ. ಬಹುಶಃ ಆ ದಿನ ಅವರು ಚಾಳೀಸು ಹಾಕಿಕೊಂಡಿದ್ದರು.

ನಮ್ಮ ಸೀಮೆಯ ಸಂಗತಿಯಲ್ಲಿ ನಗುವಂತಹುದೇನೂ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನಾಳಕ್ಕೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂದೇಹ ಬಿದ್ದಿತು. ಹಿಂದಿನ ಕಡತಗಳನ್ನು ಬಿಚ್ಚಿ ನೋಡಿದರೆ, ಅದೇ ತಯಾರಕರ ಕೆಲವು ಬ್ಯಾಚುಗಳು ಗುಣಮಟ್ಟದವಲ್ಲವೆಂದು ನಮ್ಮ ರಾಜ್ಯದ ಪರೀಕ್ಷಾಲಯವು ಮೊದಲೇ ಹೇಳಿತ್ತು. ತಯಾರಕರು ಕಲ್ಕತ್ತೆಯ ಕೇಂದ್ರ ಪರೀಕ್ಷಾಲಯದ ಮೊರೆಹೊಕ್ಕರು. ಅವುಗಳಲ್ಲಿ ಕೆಲವು ಗುಣಮಟ್ಟದವೇ ಎಂದು ಅಲ್ಲಿಂದ ಉತ್ತರ ಬಂತು. ಒಂದೇ ನೀರು ಬೆಂಗಳೂರಿನಲ್ಲಿ ಅಶುದ್ಧ, ಹೂಗ್ಲಿಯ ದಡದಲ್ಲಿ ಶುದ್ಧ. ಗಂಗೆಯ ಮಹಿಮೆಯೆಂದು ಆಸ್ತಿಕರು ಸಮಾಧಾನಪಟ್ಟುಕೊಳ್ಳಬಹುದು. ಕಾನೂನಿನ ಪ್ರಕಾರ ಕಲ್ಕತ್ತೆಯ ಮಾತೇ ಕೊನೆಯ ಮಾತು. ಎರಡು ಸರ್ಕಾರಿ ಪರೀಕ್ಷಾಲಯಗಳು ಒಂದೇ ದ್ರಾವಣದ ವಿಷಯದಲ್ಲಿ ಹಗಲು ರಾತ್ರಿಯಷ್ಟು ಭೇದವಾಗಿ ನುಡಿದರೆ ಯಾವುದು ಏಕೆ ತಪ್ಪಿತೆಂದು ವಿಚಾರಿಸುವುದು ಮೂರನೆಯವರೊಬ್ಬರ ಕರ್ತವ್ಯವಾಗಬೇಕಾಗಿತ್ತು. ಅಂತಹ ಮೂರನೆಯವರನ್ನು ಶಾಸನವು ಸೃಷ್ಟಿಸಿರಲಿಲ್ಲ. ಬಾಣಂತಿಯರ ಸಾವಿನ ಬಳಿಕ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತ್ತಿನಲ್ಲಿಟ್ಟರು.

ಈಗ ಕೆಮ್ಮಿನ ಸಿರಪ್ಪು. ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವವೊಂದುಂಟು. ಕಾರ್ಖಾನೆಗಳಲ್ಲಿ ಬಳಸುವ ವಸ್ತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಸಿಹಿ. ಸಿರಪ್ಪಿನಲ್ಲಿ ಸೇರತಕ್ಕ ನಿರಪಾಯವಾದ ಪ್ರೊಪಿಲೀನ್ ಗ್ಲೈಕಾಲಿನಂತೆಯೇ ಕಣ್ಣಿಗೆ ಕಾಣುತ್ತದೆ, ಬೆಲೆ ಮಾತ್ರ ಅಗ್ಗ. ಒಳಗೆ ಹೋದರೆ ಮೂತ್ರಪಿಂಡಗಳು ನಿಂತುಹೋಗುತ್ತವೆ. ಎಳೆಯ ಮಕ್ಕಳಲ್ಲಿ ಬೇಗನೆ. ಇದು ವಿಷವೆಂಬುದು ಲೋಕಕ್ಕೆ ಗೊತ್ತಾಗಿ ತಲೆಮಾರುಗಳು ಕಳೆದಿವೆ. 1937ರಲ್ಲಿ ಅಮೆರಿಕದ ಕಂಪೆನಿಯೊಂದು ಸಲ್ಫಾ ಮದ್ದನ್ನು ಇದರಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೂ ಮಿಕ್ಕಿ ಜನ ಸತ್ತರು. ಮರುವರ್ಷವೇ ಆ ದೇಶವು ತನ್ನ ಔಷಧ ಶಾಸನವನ್ನು ಬದಲಾಯಿಸಿತು. ನಮ್ಮಲ್ಲಿ 1973ರಲ್ಲಿ ಮದರಾಸಿನ ಮಕ್ಕಳು, 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯ 14 ರೋಗಿಗಳು, 1998ರಲ್ಲಿ ಗುರ್‌ಗಾಂವಿನ ಮಕ್ಕಳು, 2019-20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರದ ಮಕ್ಕಳು ಇದೇ ವಿಷಕ್ಕೆ ಬಲಿಯಾದರು. 1940ರ ಶಾಸನ ಎಲ್ಲ ಸಲವೂ ಜಾರಿಯಲ್ಲಿಯೇ ಇತ್ತು.

2022ರ ಅಕ್ಟೋಬರಿನಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಿಂದ ಸುಮಾರು 70 ಮಕ್ಕಳ ಮರಣದ ವಾರ್ತೆಯು, ಹರಿಯಾಣದಲ್ಲಿ ತಯಾರಾದ ಸಿರಪ್ಪುಗಳ ಹೆಸರಿನೊಡನೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಎಚ್ಚರಿಕೆ ಸಾರಿತು. ನಮ್ಮ ಸರ್ಕಾರದವರು ತಾವು ಪರೀಕ್ಷಿಸಿದ ಮಾದರಿಗಳು ಶುದ್ಧವಾಗಿವೆಯೆಂದರು. ಅದೇ ವರ್ಷದ ಕೊನೆಯಲ್ಲಿ ಉಜ್ಬೇಕಿಸ್ತಾನದಿಂದಲೂ ಅದೇ ಬಗೆಯ ದುರ್ವಾರ್ತೆ ಬಂದಾಗ, ಜಗತ್ತಿನ ಔಷಧಶಾಲೆಯೆಂದು ನಾವು ಹೇಳಿಕೊಳ್ಳುತ್ತಿದ್ದ ಬಿರುದಿಗೆ ಕಲಂಕ ತಟ್ಟುವ ಭಯವುಂಟಾಯಿತು. ಆಗ ಸರ್ಕಾರವು ಚುರುಕಾಗಿ ಕೆಲಸ ಮಾಡಿತು. 2023ರ ಜೂನ್ 1ರಿಂದ ರಫ್ತಾಗತಕ್ಕ ಕೆಮ್ಮಿನ ಸಿರಪ್ಪನ್ನು ಸರ್ಕಾರ ಒಪ್ಪಿದ ಪರೀಕ್ಷಾಲಯದಲ್ಲಿ ಪರೀಕ್ಷಿಸಿ ಪತ್ರ ಪಡೆಯದೆ ಹಡಗಿಗೆ ಏರಿಸಕೂಡದೆಂದು ಅಪ್ಪಣೆ ಹೊರಟಿತು. ಬಹಳ ಸರಿಯಾದ ಅಪ್ಪಣೆ. ಗ್ಯಾಂಬಿಯಾದ ಮಗುವೂ ಮಗುವೇ. ಆದರೆ ದೇಶದೊಳಗೆ ಮಾರುವ ಸಿರಪ್ಪಿಗೆ ಇಂತಹ ಪತ್ರ ಬೇಕೆಂದು ಆ ಅಪ್ಪಣೆ ಹೇಳಲಿಲ್ಲ. ಇಲ್ಲಿ ತಯಾರಕನೇ ತನ್ನ ಸರಕನ್ನು ಪರೀಕ್ಷಿಸಿಕೊಂಡು ತಾನೇ ಬರೆದಿಟ್ಟುಕೊಳ್ಳುವ ಹಳೆಯ ನಿಯಮವೇ ಸಾಕೆಂದು ಬಿಟ್ಟರು. ಸ್ವದೇಶಿಗಾಗಿ ಪರದೇಶದ ಬಟ್ಟೆಯನ್ನು ಬೀದಿಯಲ್ಲಿ ಸುಟ್ಟವರ ಮೊಮ್ಮಕ್ಕಳು ನಾವು. ಪರೀಕ್ಷೆಯಾದ ಸೀಸೆ ಪರದೇಶಕ್ಕೆ, ಪರೀಕ್ಷೆಯಾಗದ ಸೀಸೆ ಸ್ವದೇಶಕ್ಕೆ ಎಂಬ ಈ ಸ್ವದೇಶಿ ವ್ರತವನ್ನು ಆ ಹಿರಿಯರು ಕಂಡಿದ್ದರೆ ಏನೆನ್ನುತ್ತಿದ್ದರೋ.

2025ರ ಸೆಪ್ಟೆಂಬರಿನ ಆರಂಭದಿಂದ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮು ನೆಗಡಿಯೆಂದು ಸಿರಪ್ಪು ಕುಡಿದ ಮಕ್ಕಳಿಗೆ ಮೂತ್ರ ಕಟ್ಟತೊಡಗಿತು. ಅವರಲ್ಲಿ ಬಹುಮಂದಿ ಐದು ವರ್ಷ ತುಂಬದವರು. ತಿಂಗಳು ಕಳೆಯಿತು. ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಸಚಿವಾಲಯವು ತಾನು ನೋಡಿದ ಮಾದರಿಗಳಲ್ಲಿ ಆ ವಿಷ ಇಲ್ಲವೆಂದು ಹೇಳಿಕೆ ಕೊಟ್ಟಿತು. ತಮಿಳುನಾಡಿನ ಅಧಿಕಾರಿಗಳು ಕಾಂಚೀಪುರ ಜಿಲ್ಲೆಯ ಕಾರ್ಖಾನೆಗೇ ಹೋಗಿ, ಕೋಲ್ಡ್ರಿಫ್ ಎಂಬ ಆ ಸಿರಪ್ಪನ್ನು ತಂದು ನೋಡಿದರು. ನೂರಕ್ಕೆ 0.1 ಪಾಲಿಗೆ ಮೀರಕೂಡದ ಡೈಎಥಿಲೀನ್ ಗ್ಲೈಕಾಲ್ ನೂರಕ್ಕೆ 48.6 ಪಾಲು ಇತ್ತು! ಇದನ್ನು ಬೆರಕೆಯೆನ್ನಲು ನಮಗೆ ಮನಸ್ಸಾಗುವುದಿಲ್ಲ. ವಿಷದೊಳಗೆ ಸ್ವಲ್ಪ ಸಿರಪ್ಪು ಬೆರೆತಿತ್ತೆನ್ನಬೇಕು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಬರೆದುಕೊಟ್ಟ ವೈದ್ಯನನ್ನು ಬಂಧಿಸಿದರು, ಕಾರ್ಖಾನೆಯ ಯಜಮಾನನನ್ನು ಬಂಧಿಸಿದರು, ಲೈಸೆನ್ಸನ್ನು ರದ್ದುಮಾಡಿದರು. ಈ ಸಿರಪ್ಪು ಕೂಡ ಮೂರು ಮದ್ದುಗಳ ಮಿಶ್ರಣವೇ. ಅವುಗಳಲ್ಲಿ ಎರಡರ ಕೂಟವನ್ನು ನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಕೊಡಕೂಡದೆಂದು ಸೀಸೆಯ ಮೇಲೆ ಬರೆಯಿಸಿರೆಂಬುದಾಗಿ 2023ರ ಡಿಸೆಂಬರಿನಲ್ಲಿಯೇ ದೆಹಲಿಯಿಂದ ರಾಜ್ಯಗಳಿಗೆ ಪತ್ರ ಹೋಗಿತ್ತು. ಮಕ್ಕಳು ಸತ್ತ ಮೇಲೆ ಹೊರಟ ಸುತ್ತೋಲೆಯಲ್ಲಿ, ಪ್ರತಿ ಬ್ಯಾಚಿನ ಮೂಲದ್ರವ್ಯವನ್ನೂ ಸಿದ್ಧವಾದ ಮದ್ದನ್ನೂ ಪರೀಕ್ಷಿಸಿಯೇ ಹೊರಗೆ ಬಿಡತಕ್ಕದ್ದೆಂದು ಅಪ್ಪಣೆಯಾಯಿತು. ಇದು ಹೊಸ ಅಪ್ಪಣೆಯೆಂದು ಭಾವಿಸಿದವರು ಹಳೆಯ ನಿಯಮಗಳ ಪುಸ್ತಕವನ್ನು ತೆರೆದು ನೋಡಬಹುದು. ಅಲ್ಲಿ ಅದೇ ಮಾತು ಇದೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಹಳಬರು ನಗುತ್ತಿದ್ದರು. ನಮ್ಮವರು, ಕೋಟೆಗೆ ಬಾಗಿಲು ಇರತಕ್ಕದ್ದೆಂದು ಜ್ಞಾಪಕಪತ್ರ ಬರೆದರು.

ತಪ್ಪಿತಸ್ಥರಿಗೆ ಶಿಕ್ಷೆಯಿಲ್ಲವೆ ಎಂದು ಕೇಳಬಹುದು. ಬೆರಕೆಯಿಂದ ಸಾವು ಸಂಭವಿಸಿದರೆ ಶಾಸನದಲ್ಲಿ ಘೋರವಾದ ಶಿಕ್ಷೆಯೇ ಇದೆ. ಸಾವು ಸಂಭವಿಸುವ ಮುಂಚಿನ ಹಂತದಲ್ಲಿ, ಅಂದರೆ ಮದ್ದು ಗುಣಮಟ್ಟದ್ದಲ್ಲವೆಂದು ಮಾತ್ರ ಕಂಡಾಗ, ಸಾಮಾನ್ಯವಾಗಿ ಅನ್ವಯಿಸುವ 27ನೆಯ ಸೆಕ್ಷನ್ನಿನ (ಡಿ) ಭಾಗಕ್ಕೆ 2023ರಲ್ಲಿ ಜನವಿಶ್ವಾಸ ಕಾಯಿದೆಯೆಂಬ ಇಂಪಾದ ಹೆಸರಿನ ಕಾಯಿದೆಯಿಂದ ಹಣ ಕಟ್ಟಿ ರಾಜಿ ಮಾಡಿಕೊಳ್ಳುವ ಸೌಲಭ್ಯ ಒದಗಿತು. ಜನರ ವಿಶ್ವಾಸಕ್ಕೆ ಒಂದು ದರ ಗೊತ್ತಾದುದು ವ್ಯಾಪಾರದ ದೃಷ್ಟಿಯಿಂದ ಅನುಕೂಲವೇ.

ರೋಗಕ್ಕೆ ಮದ್ದು ಯಾವುದೆಂದು ಗೊತ್ತಿಲ್ಲದೆ ಇವೆಲ್ಲ ನಡೆದಿದ್ದರೆ ಮಾತು ಬೇರೆಯಾಗುತ್ತಿತ್ತು. 1975ರ ಹಾಥಿ ಸಮಿತಿ, ಮುಂಬಯಿಯ ದುರಂತದ ಮೇಲೆ ನೇಮಕವಾದ ನ್ಯಾಯಮೂರ್ತಿ ಲೆಂಟಿನ್ ಆಯೋಗ, 2003ರ ಮಾಶೇಲ್ಕರ್ ಸಮಿತಿ, 2012ರ ಪಾರ್ಲಿಮೆಂಟು ಸಮಿತಿ, ಎಲ್ಲರೂ ನಾಡಿ ಹಿಡಿದು ನೋಡಿದ್ದಾರೆ. ಲೈಸೆನ್ಸನ್ನು ಒಂದೇ ಕೈಗೆ ಕೊಡಬೇಕು, ಪರೀಕ್ಷಾಲಯಗಳನ್ನೂ ಪರೀಕ್ಷಕರನ್ನೂ ಹೆಚ್ಚಿಸಬೇಕು ಎಂಬ ಕಷಾಯವನ್ನು ಒಬ್ಬರಲ್ಲದಿದ್ದರೆ ಒಬ್ಬರು ಬರೆದುಕೊಟ್ಟಿದ್ದಾರೆ. ಕೇಂದ್ರದ ಕೈಗೆ ಹೆಚ್ಚು ಅಧಿಕಾರ ಕೊಡುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಗೆ ಬಂದು ನಿಂತುಹೋಯಿತು. ಮತ್ತೊಂದು 2013ರಲ್ಲಿ ಬಂದು 2016ರಲ್ಲಿ ಹಿಂದಕ್ಕೆ ಹೋಯಿತು. ಸಮಿತಿಯೆಂಬ ಔಷಧವನ್ನು ನಮ್ಮ ಸರ್ಕಾರಗಳು ಹತ್ತು ಹದಿನೈದು ವರ್ಷಗಳಿಗೊಮ್ಮೆ ತಪ್ಪದೆ ಸೇವಿಸುತ್ತಿವೆ. ಪಥ್ಯ ಮಾತ್ರ ಮಾಡುವುದಿಲ್ಲ.

ಇನ್ನೊಂದು ಸಮಿತಿಯನ್ನು ನೇಮಿಸಿರೆಂದು ನಾವು ಕೇಳುವುದಿಲ್ಲ. ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಸುಲಭೋಪಾಯವಿದೆ. ಅರಸನಿಗೆ ಮದ್ದು ಕೊಡುವ ಮುನ್ನ ಅದನ್ನು ಬೇಯಿಸಿದವನಿಗೂ ಅರೆದವನಿಗೂ ರುಚಿ ತೋರಿಸಿ, ವೈದ್ಯನು ತಾನೂ ರುಚಿ ನೋಡಿ, ಆಮೇಲೆ ಕೊಡತಕ್ಕದ್ದೆಂದು ಆತನು ವಿಧಿಸಿದ್ದಾನೆ. ಈಗ ಪ್ರಜೆಯೇ ಪ್ರಭುವೆಂದು ಸಂವಿಧಾನ ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ತಯಾರಕ ಮಹಾಶಯರೂ, ರುಜು ಹಾಕಿದ ತಜ್ಞರೂ, ಮೊಹರು ಒತ್ತಿದ ಅಧಿಕಾರಿಗಳೂ ಪ್ರತಿ ಬ್ಯಾಚಿನ ಮೊದಲ ಸೀಸೆಯಿಂದ ಒಂದೊಂದು ಚಮಚ ಸೇವಿಸುವ ಪದ್ಧತಿಯನ್ನು ಇಡಬಹುದು. ಅಳಲೆಕಾಯಿ ಪಂಡಿತನೆಂದು ನಾವು ಹಾಸ್ಯಮಾಡುವ ಹಳ್ಳಿಯ ವೈದ್ಯನೂ ತನ್ನ ಕಷಾಯವನ್ನು ಮೊದಲು ನಾಲಗೆಗೆ ಮುಟ್ಟಿಸಿಕೊಂಡೇ ಕೊಡುತ್ತಿದ್ದನು.

ಇದು ಅಧಿಕಾರಪದವಿಗೆ ತಕ್ಕುದಲ್ಲವೆಂದು ತೋರಿದರೆ ಇನ್ನೂ ಸುಲಭವಾದ ದಾರಿಯುಂಟು. ರಫ್ತಿನ ಸಿರಪ್ಪಿಗಾಗಿ 2023ರಲ್ಲಿ ಬರೆದ ಅಪ್ಪಣೆಯನ್ನು ಎದುರಿಗೆ ಇಟ್ಟುಕೊಂಡು, ರಫ್ತು ಎಂಬ ಎರಡಕ್ಷರವನ್ನು ಕೆಂಪು ಶಾಯಿಯಿಂದ ಹೊಡೆದು, ಉಳಿದುದನ್ನು ದೇಶದ ಎಲ್ಲ ಸೀಸೆಗಳಿಗೂ ಅನ್ವಯಿಸಬಹುದು. ಅದು ವಾಣಿಜ್ಯ ಸಚಿವಾಲಯದ ಕಾಗದ, ಆರೋಗ್ಯ ಸಚಿವಾಲಯದ್ದಲ್ಲ ಎಂಬ ಆಕ್ಷೇಪಣೆ ಬಂದೀತು. ಹಾಗಿದ್ದರೆ ನಕಲು ಮಾಡಿಕೊಳ್ಳಲಿ. ಒಬ್ಬರು ಬರೆದುದನ್ನು ಅಕ್ಷರ ತಪ್ಪದೆ ಇನ್ನೊಬ್ಬರು ನಕಲು ಮಾಡಿ ರುಜು ಹಾಕುವ ವಿದ್ಯೆಯು ಆ ಕಡತಗಳಿಗೆ ಹೊಸದೇನೂ ಅಲ್ಲವಷ್ಟೆ.